ಅತ್ತೆಯ ಮೊದಲನೇ ನರ

ನನ್ನದು ಅನುಮಾನದ ಬುದ್ಧಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ. ಪರೀಕ್ಷೆ ನಡೆಯುವ ಕೋಣೆಯ ಬಾಗಿಲಲ್ಲಿ ನಿಂತು, ಯಾವ ಹುಡುಗಿಯ ಅಂಗಿ ತೋಳಿನಲ್ಲಿ ಚೀಟಿ ಇದೆ ಎಂದು ಹೇಳಬಲ್ಲೆ. ಹಾಲಿನವನು ಕಣ್ಣು ತಪ್ಪಿಸಿ ಅಳೆದನೆಂದರೆ ಅವತ್ತು ನೀರು ಜಾಸ್ತಿ ಎಂದು ತಿಳಿಯುತ್ತೇನೆ. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳಿಗೆ ಇದು ಅಂಟಿಕೊಂಡಿರಬೇಕು. ನನ್ನ ಗಂಡ ಮಾತ್ರ ಒಪ್ಪುವುದಿಲ್ಲ. ಕೆಲಸದಿಂದ ಬಂದದ್ದಲ್ಲ, ಮಿರ್ಲೆಯಿಂದ ಸೀರೆ ಜೊತೆಗೇ ಕಟ್ಟಿಕೊಂಡು ಬಂದದ್ದು ಎನ್ನುತ್ತಾರೆ.

ಮಿರ್ಲೆ ನನ್ನ ತವರು, ಭತ್ತದ ಸೀಮೆ. ಮದುವೆಯಾಗಿ ಬಂದದ್ದು ಕಟ್ಟೆಮಳಲವಾಡಿಯಿಂದ ಸ್ವಲ್ಪ ಆಚೆಗಿನ ಹೊಗೆಸೊಪ್ಪಿನ ಊರಿಗೆ. ಇಲ್ಲಿ ಮನೆಗೊಂದು ದೇವರ ಗೂಡು ಇದ್ದಂತೆ ಹೊಲಕ್ಕೊಂದು ಬ್ಯಾರನ್. ಕಿಟಕಿಯಿಲ್ಲದ ಎತ್ತರದ ಕೋಣೆ. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ, ಅದರ ಬಿಸಿ ಒಳಗೆ ನೆಲದ ಮೇಲೆ ಹಾಸಿದ ತಗಡಿನ ಕೊಳವೆಗಳಲ್ಲಿ ಓಡಾಡುತ್ತದೆ, ಮೇಲೆ ಸಾಲು ಸಾಲಾಗಿ ಕಡ್ಡಿಗೆ ಕಟ್ಟಿದ ಸೊಪ್ಪು ತೂಗುತ್ತಿರುತ್ತದೆ. ಐದಾರು ದಿನ ಹೀಗೆ ಬೇಯಿಸಿದರೆ ಹಸಿರು ಸೊಪ್ಪು ಹೊಂಬಣ್ಣಕ್ಕೆ ತಿರುಗುತ್ತದೆ. ಒಂದೇ ಒಂದು ಎಲೆ ಕಳಚಿ ಕಾದ ಕೊಳವೆಯ ಮೇಲೆ ಬಿದ್ದರೂ ಕೆಟ್ಟಿತು. ಮೊದಲು ಸುಟ್ಟ ವಾಸನೆ, ಆಮೇಲೆ ಹೊಗೆ, ಆಮೇಲೆ ಬೆಂಕಿ. ವಾಸನೆ ಬಂದಾಗಲೇ ಬಾಗಿಲು ತೆಗೆದು ನೀರು ಹಾಕಿದವರು ಬಚಾವು.

ಆ ವಾಸನೆ ಹಿಡಿಯುವುದರಲ್ಲಿ ನಮ್ಮ ಅತ್ತೆಯನ್ನು ಮೀರಿಸಿದವರು ಊರಿನಲ್ಲಿ ಇರಲಿಲ್ಲ. ಬ್ಯಾರನ್ನಿನ ಗಾಳಿಕಿಂಡಿಗೆ ಮೂಗು ಕೊಟ್ಟು, ಹಸಿ ಹುಲ್ಲಿನ ವಾಸನೆ ಹೋಯಿತು, ಜೋನಿಬೆಲ್ಲದ ವಾಸನೆ ಬಂತು, ಈಗ ಉರಿ ಏರಿಸಿ ಎನ್ನುತ್ತಿದ್ದರು. ಅಕ್ಕಪಕ್ಕದ ಹೊಲದವರೂ ಬಂದು ಕರೆದುಕೊಂಡು ಹೋಗುತ್ತಿದ್ದರು. ಮೂರು ವರ್ಷದ ಹಿಂದೆ ಮಾವ ತೀರಿಕೊಂಡ ಮೇಲಂತೂ ಬ್ಯಾರನ್ನಿನ ಕೀಲಿ ಅವರ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ನಾನು ಸ್ಕೂಲಿಗೆ ಹೋಗಿ ಬರುವವಳು, ಸೊಪ್ಪು ಕಟ್ಟಲು ಕೂರದವಳು. ಅದಕ್ಕೆ ನನ್ನನ್ನು ‘ಟೀಚರಮ್ಮ’ ಎಂದು ಕರೆಯುತ್ತಿದ್ದರು. ಅದರಲ್ಲಿ ಪ್ರೀತಿ ಎಷ್ಟು, ಚುಚ್ಚುವಿಕೆ ಎಷ್ಟು ಎಂದು ನಾನು ಬಹಳ ಸಲ ತೂಗಿ ನೋಡಿದ್ದೇನೆ.

ಹೋದ ವರ್ಷದ ಹಂಗಾಮು ಶುರುವಾಗುವ ಮೊದಲು ನಾನೇ ಗಂಡನಿಗೆ ದುಂಬಾಲು ಬಿದ್ದು ಬ್ಯಾರನ್ನಿಗೆ ಶಾಖ ತೋರಿಸುವ ಮೀಟರ್ ಹಾಕಿಸಿದೆ. ಶಾಖ ಮಿತಿ ಮೀರಿದರೆ ಕೂಗುವಂಥದ್ದು. ಅತ್ತೆಗೆ ವಯಸ್ಸಾಯಿತಲ್ಲ ಎಂದೆ, ಅವರ ಕಿವಿಗೆ ಬೀಳುವ ಹಾಗೇ. ಮೀಟರಿನ ಕೆಂಪು ಅಂಕಿಗಳನ್ನು ಅವರು ಸ್ವಲ್ಪ ಹೊತ್ತು ನೋಡಿದರು.

“ಇದುಕ್ಕೆ ಮೂಗ್ ಐತಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಅದಾಗಿ ಸ್ವಲ್ಪ ದಿನಕ್ಕೆ, ಆಷಾಢದಲ್ಲಿ, ಅತ್ತೆ ನನ್ನ ಜೊತೆ ಮಾತು ಕಡಿಮೆ ಮಾಡಿದರು. ಕೇಳಿದ್ದಕ್ಕೆ ಉತ್ತರ, ಅದೂ ಗೋಡೆ ನೋಡಿಕೊಂಡು. ಮೀಟರಿನ ಸಿಟ್ಟು ಎಂದುಕೊಂಡೆ. ಅದೇ ದಿನಗಳಲ್ಲಿ ಡಬ್ಬದ ಕಾಫಿಪುಡಿ ಒಮ್ಮೆಗೇ ಎರಡು ಹಿಡಿಯಷ್ಟು ಇಳಿದಿತ್ತು. ಪಕ್ಕದ ಮನೆಗೆ ಕೊಟ್ಟಿದ್ದಾರೆ, ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂದು ಅದನ್ನೂ ಮನಸ್ಸಿನಲ್ಲಿ ಬರೆದುಕೊಂಡೆ.

ಬ್ಯಾರನ್ ಸುಟ್ಟದ್ದು ಹಂಗಾಮಿನ ಮೊದಲ ಸರದಿಯಲ್ಲೇ, ಶ್ರಾವಣದ ಒಂದು ಭಾನುವಾರ ಮಧ್ಯಾಹ್ನ. ಗಂಡ ಪಿರಿಯಾಪಟ್ಟಣಕ್ಕೆ ಹೋಗಿದ್ದರು. ನಾನು ಹೊಲದ ಬೋರಿನ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಅತ್ತೆ ಬ್ಯಾರನ್ನಿನ ಬಾಗಿಲಿಗೆ ಬೆನ್ನು ಕೊಟ್ಟು, ಗೋಣಿಚೀಲದ ಮೇಲೆ ಕೂತು, ಮುಂದಿನ ಸರದಿಯ ಸೊಪ್ಪು ಕಟ್ಟುತ್ತಿದ್ದರು. ಅಷ್ಟು ದೂರದ ನನಗೆ ಸುಟ್ಟ ವಾಸನೆ ಬಂತು. ತಲೆ ಎತ್ತಿ ನೋಡಿದರೆ ಗಾಳಿಕಿಂಡಿಯಲ್ಲಿ ಹೊಗೆ. ಅದರ ಕೆಳಗೇ ಅತ್ತೆ ಸಮಾಧಾನವಾಗಿ ದಾರ ಸುತ್ತುತ್ತಿದ್ದಾರೆ. ಮೀಟರ್ ಬಾಯಿ ಬಿಟ್ಟಿರಲಿಲ್ಲ, ಅದರ ಶಾಖ ಹಿಡಿಯುವ ತುದಿ ಇದ್ದದ್ದು ಇನ್ನೊಂದು ಮೂಲೆಯಲ್ಲಿ. ನಾನು ಓಡಿ ಬಂದು ಬಾಗಿಲು ತೆಗೆಸುವಷ್ಟರಲ್ಲಿ ಒಳಗೆ ಉರಿ ಮೇಲಿನ ಸಾಲಿಗೆ ಹತ್ತಿತ್ತು. ಯಾರಿಗೂ ಏನೂ ಆಗಲಿಲ್ಲ. ಸೊಪ್ಪು ಪೂರ್ತಿ ಹೋಯಿತು, ಅರ್ಧ ಚಾವಣಿ ಕುಸಿಯಿತು.

“ನಂಗೆ ಗೊತ್ತಾಗ್ನಿಲ್ಲ ಕಣವ್ವ,” ಎಂದರು ಅತ್ತೆ. “ಮೂಗ್ಗೆ ಏನೂ ಬರ್ನಿಲ್ಲ.”

ಇಪ್ಪತ್ತು ವರ್ಷ ಚೀಟಿ ಹಿಡಿದವಳು ನಾನು. ಈ ಮಾತು ಕೇಳಿದ ಕ್ಷಣವೇ ನನಗೆ ಎಲ್ಲ ಅರ್ಥವಾಯಿತು ಅನ್ನಿಸಿತು. ಮೀಟರ್ ನಂಬಿದವಳ ಮುಖಕ್ಕೆ ಮಸಿ ಬಳಿಯಬೇಕು ಎಂದು ಬೇಕೆಂದೇ ಸುಮ್ಮನೆ ಕೂತಿದ್ದಾರೆ. ವಾಸನೆ ಬಂದಿದೆ, ಎದ್ದಿಲ್ಲ. ಮೂಗಿಗೆ ಏನೂ ಬರಲಿಲ್ಲ ಎಂಬ ನೆಪವೂ ಕೊರೊನಾ ಕಾಲದಲ್ಲಿ ಕಲಿತದ್ದು. ಆಗ ಅರ್ಧ ಊರಿಗೆ ವಾಸನೆ ಹೋಗಿ ಬಂದಿತ್ತು.

ರಾತ್ರಿಗೆ ಕಾಯಲಿಲ್ಲ, ಗಂಡ ಬಸ್ಸಿಳಿದು ಬರುತ್ತಿದ್ದಂತೆ ದಾರಿಯಲ್ಲೇ ಇದನ್ನೆಲ್ಲ ಹೇಳಿದೆ. ಅವರು ಮೊದಲು ನನಗೇ ಬೈದರು. ಆಮೇಲೆ ಚಾವಣಿ ನೋಡಿದರು. ಆಮೇಲೆ ಅವ್ವನನ್ನು ಕೀಲಿ ಕೇಳಿದರು. ಅತ್ತೆ ತಾವಾಗಿ ಬಿಚ್ಚಿ ಕೊಟ್ಟರು, ಒಂದು ಮಾತಾಡಲಿಲ್ಲ. ಆ ಮೌನವನ್ನೂ ನಾನು ತಪ್ಪೊಪ್ಪಿಗೆ ಎಂದೇ ಓದಿದೆ.

ಮರುವಾರದಿಂದ ನನ್ನ ತನಿಖೆ ಶುರುವಾಯಿತು. ನಗಬೇಡಿ, ಪಾಠದ ಕ್ರಮದಲ್ಲೇ ಮಾಡಿದೆ. ಆ ತಿಂಗಳು ಹತ್ತನೇ ತರಗತಿಗೆ ಮೆದುಳಿನ ಪಾಠ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದೆ: ಮೇಲೆ ಮಡಿಕೆ ಮಡಿಕೆಯಾದ ಮಹಾಮಸ್ತಿಷ್ಕ, ಯೋಚನೆ ನೆನಪು ಎಲ್ಲ ಅದರದ್ದು, ಹಿಂದೆ ತಲೆಯ ಬುಡದಲ್ಲಿ ಅನುಮಸ್ತಿಷ್ಕ, ಬೀಳದೆ ನಡೆಯುವಂತೆ ನೋಡಿಕೊಳ್ಳುವುದು, ಕೆಳಗೆ ಮಣಿಶಿರ, ನಾವು ಮಲಗಿದರೂ ಉಸಿರು, ಎದೆಬಡಿತ ನಡೆಸುವುದು. ಮೆದುಳಿನಿಂದಲೇ ನೇರವಾಗಿ ಹೊರಡುವ ಹನ್ನೆರಡು ಜೊತೆ ಕಪಾಲ ನರಗಳು. ಒಂದನೆಯದು ವಾಸನೆ, ಎರಡನೆಯದು ನೋಟ. ಮೂರು, ನಾಲ್ಕು, ಆರು ಸೇರಿ ಕಣ್ಣುಗುಡ್ಡೆ ತಿರುಗಿಸುವವು. ಐದು ಮುಖದ ಸ್ಪರ್ಶ ಮತ್ತು ಅಗಿಯುವುದು, ಏಳು ಮುಖದ ಭಾವ, ಎಂಟು ಕಿವಿ. ಒಂಬತ್ತು ಗಂಟಲು, ಹತ್ತು ಕುತ್ತಿಗೆಯಿಂದ ಹೊಟ್ಟೆಯವರೆಗೂ ಅಲೆದಾಡುವುದು, ಹನ್ನೊಂದು ಹೆಗಲು ಕುಣಿಸುವುದು, ಹನ್ನೆರಡು ನಾಲಿಗೆ ಆಡಿಸುವುದು. ಮಕ್ಕಳಿಗೆ ಬಾಯಿಪಾಠ ಮಾಡಿಸಿ, ಮನೆಗೆ ಬಂದು ಅದೇ ಪಟ್ಟಿ ಹಿಡಿದು ಅತ್ತೆಯನ್ನು ನೋಡುತ್ತಿದ್ದೆ.

ಕಣ್ಣು ಚುರುಕಾಗಿತ್ತು; ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಕಿವಿ ನಾನು ಫೋನಿನಲ್ಲಿ ಪಿಸುಗುಟ್ಟಿದ್ದನ್ನೂ ಹಿಡಿಯುತ್ತಿತ್ತು. ನಕ್ಕರೆ ಬಾಯಿ ಎರಡೂ ಕಡೆ ಸಮ. ನಗುವುದೇ ಅಪರೂಪವಾಗಿತ್ತು, ಅದು ಬೇರೆ ಮಾತು. ಹೆಗಲಿನ ಮೇಲೆ ಹುಲ್ಲಿನ ಹೊರೆ ಹೊರುತ್ತಿದ್ದರು. ಅವರು ಮಾಡಿದ ಸಾರಿಗೆ ಉಪ್ಪು, ಹುಳಿ, ಖಾರ ಹದವಾಗಿತ್ತು. ಮೂಗು ಕೆಟ್ಟವರ ಸಾರು ಹೀಗಿರುತ್ತದಾ ಎಂದು ಗಂಡನನ್ನು ಕೇಳಿದೆ. ಅವರು ತಟ್ಟೆ ನೋಡುತ್ತಾ ಉಣ್ಣುತ್ತಿದ್ದರು. ಉಪ್ಪು ಹುಳಿ ಗೊತ್ತಾಗುವುದು ನಾಲಿಗೆಗೆ, ಅದರ ದಾರಿಯೇ ಬೇರೆ ಎಂದು ಅದೇ ಬೆಳಿಗ್ಗೆ ಬೋರ್ಡಿನ ಮೇಲೆ ಬರೆದವಳು ನಾನೇ. ಅತ್ತೆಯ ಒಗ್ಗರಣೆಯ ಬೆಳ್ಳುಳ್ಳಿ ಇತ್ತೀಚೆಗೆ ದಿನಾ ಕಪ್ಪಾಗುತ್ತಿದ್ದದ್ದು, ಹುಳಿ ವಾಸನೆ ಬಂದ ಹಾಲನ್ನು ಎರಡು ಸಲ ಕಾಯಿಸಿಟ್ಟದ್ದು ನನ್ನ ಲೆಕ್ಕಕ್ಕೆ ಬರಲೇ ಇಲ್ಲ. ನನಗೆ ಬೇಕಾದದ್ದಷ್ಟೇ ನನಗೆ ಕಾಣುತ್ತಿತ್ತು.

ಕೊನೆಗೆ ಒಂದು ಬೆಳಿಗ್ಗೆ, ಅತ್ತೆ ನಡುಮನೆಯಲ್ಲಿ ಬೆನ್ನು ಹಾಕಿ ಕೂತಿದ್ದಾಗ, ಬಾಣಲೆಯಲ್ಲಿ ಒಣಮೆಣಸಿನಕಾಯಿ ಹಾಕಿ ಬೇಕೆಂದೇ ಕಮರಿಸಿದೆ. ಅತ್ತೆ ಕೆಮ್ಮಿದರು, ಸೀನಿದರು, ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಸೌಟು ಹಿಡಿದುಕೊಂಡೇ ಬಂದು ನಿಂತೆ.

“ಮೂಗಿಗೆ ಏನೂ ಬರಲ್ಲ ಅಂದ್ರಲ್ಲ ಅತ್ತೆ?”

“ಘಾಟು ಬತ್ತದೆ ಕಣವ್ವ,” ಎಂದರು, ಇನ್ನೂ ಕಣ್ಣು ಒರೆಸಿಕೊಳ್ಳುತ್ತಾ. “ವಾಸ್ನೆ ಬರಾಕಿಲ್ಲ.”

ಎಂಥ ಜಾಣ ಉತ್ತರ ಎಂದುಕೊಂಡೆ. ಸಂಜೆ ಗಂಡನಿಗೆ ಒಪ್ಪಿಸಿದೆ. ಮೆಣಸಿನಕಾಯಿ ಕಮರಿದ್ದು ಬರುತ್ತದಂತೆ, ಸೊಪ್ಪು ಸುಟ್ಟದ್ದು ಬರಲ್ಲವಂತೆ. ಅವ್ವ ಒಂದಷ್ಟು ಕಾಲ ಹೆಗ್ಗಡದೇವನಕೋಟೆಯಲ್ಲಿ ನಮ್ಮಕ್ಕನ ಮನೆಯಲ್ಲಿರಲಿ ಎಂದರು. ಒಂದಷ್ಟು ಕಾಲ ಎಂದರೆ ಎಷ್ಟು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಗೌರಿ ಹಬ್ಬ ಕಳೆದ ಮೇಲೆ ಹೊರಡುವುದು ಎಂದಾಯಿತು. ಮದುವೆಯಾಗಿ ಬಂದ ಮೇಲೆ ಅತ್ತೆ ಆ ಮನೆ ಬಿಟ್ಟು ನಾಲ್ಕು ದಿನ ಬೇರೆ ಕಡೆ ಇದ್ದವರಲ್ಲ. ಈಗ ಬ್ಯಾರನ್ ಸುಟ್ಟವಳು ಎನ್ನಿಸಿಕೊಂಡು ಹೊರಡಬೇಕಿತ್ತು. ಅವರು ಬ್ಯಾಗಿಗೆ ಬಟ್ಟೆ ತುಂಬುವುದನ್ನು ನೋಡಿ ನನಗೆ ಒಳಗೊಳಗೇ ಗೆದ್ದ ಹಾಗೆ ಆಯಿತು. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಗೆದ್ದದ್ದು ಸಾಲದೇ ಹೋಯಿತು, ನನಗೆ ಸಾಕ್ಷಿಯೂ ಬೇಕಿತ್ತು. ಹೊರಡುವ ಹಿಂದಿನ ದಿನ, ಮೂಗನ್ನು ಒಂದು ಸಲ ತೋರಿಸಿಬಿಡೋಣ ಅತ್ತೆ ಎಂದು ಬೆಣ್ಣೆಯಂಥ ಮಾತಾಡಿ ಹುಣಸೂರಿನ ಕಿವಿ ಮೂಗು ಗಂಟಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಾದ ಡಾಕ್ಟರು, ಅವಸರವಿಲ್ಲದ ಮನುಷ್ಯ. ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು. ಆಮೇಲೆ ಅತ್ತೆಗೆ ಕಣ್ಣು ಮುಚ್ಚಿಸಿ, ಒಂದು ಹೊಳ್ಳೆ ಒತ್ತಿ ಹಿಡಿದು, ಇನ್ನೊಂದಕ್ಕೆ ಸಣ್ಣ ಶೀಶೆ ಹಿಡಿದರು.

ಕಾಫಿಪುಡಿ. “ಏನೂ ಇಲ್ಲ ಸಾ.” ಲವಂಗ. “ಏನೂ ಇಲ್ಲ.” ಇನ್ನೊಂದು ಹೊಳ್ಳೆಗೂ ಅದೇ ಉತ್ತರ. ನಾನು ಅತ್ತೆಯ ರೆಪ್ಪೆಯನ್ನೇ ನೋಡುತ್ತಿದ್ದೆ, ಎಲ್ಲಾದರೂ ಅಲುಗುತ್ತದೆಯೋ ಎಂದು. ಕೊನೆಗೆ ಡಾಕ್ಟರು ಇನ್ನೊಂದು ಶೀಶೆ ತೆಗೆದರು. ಅದರ ಮುಚ್ಚಳ ತೆಗೆದದ್ದು ನನ್ನ ಮೂಗಿಗೇ ಚುಚ್ಚಿತು, ಅಮೋನಿಯಾ. ಅತ್ತೆ ತಲೆಯನ್ನು ಹಿಂದಕ್ಕೆ ಎಳೆದುಕೊಂಡರು, ಕಣ್ಣಿನಿಂದ ನೀರು ಇಳಿಯಿತು.

“ಇದು ಬತ್ತದೆ ಸಾ,” ಎಂದರು. “ಘಾಟು.”

“ನೋಡಿದ್ರಾ ಸರ್,” ಎಂದೆ ನಾನು. ನನ್ನ ದನಿಯಲ್ಲಿದ್ದ ಖುಷಿ ನನಗೇ ಕೇಳಿಸಿತು.

ಡಾಕ್ಟರು ಶೀಶೆಯ ಮುಚ್ಚಳ ತಿರುಗಿಸುತ್ತಾ, “ನೀವು ಏನು ಕೆಲಸ ಮಾಡ್ತೀರಮ್ಮಾ?” ಎಂದು ಕೇಳಿದರು.

“ಸೈನ್ಸ್ ಟೀಚರ್.”

“ಹಾಗಾದ್ರೆ ನಿಮಗೆ ಗೊತ್ತಿರಬೇಕಲ್ಲ. ವಾಸನೆ ಒಂದನೇ ನರದ್ದು. ಕಣ್ಣಲ್ಲಿ ನೀರು ತರಿಸೋ ಘಾಟು ಐದನೇ ನರದ್ದು, ಮುಖಕ್ಕೆ ಚಿವುಟಿದರೆ ಗೊತ್ತಾಗೋದೂ ಅದರಿಂದಲೇ. ಇವರಿಗೆ ಐದನೇದು ಚೆನ್ನಾಗಿದೆ, ಒಂದನೇದು ಹೋಗಿದೆ. ಸುಳ್ಳು ಹೇಳೋರು ಈ ಶೀಶೆಗೂ ಏನೂ ಬರಲಿಲ್ಲ ಅಂತಾರೆ. ಎರಡೂ ಬೇರೆ ಅಂತ ಅವರಿಗೆ ಗೊತ್ತಿರಲ್ಲ. ಇವರು ನಿಜ ಹೇಳ್ತಿದಾರೆ.”

ಮೆಣಸಿನಕಾಯಿ ಕಮರಿಸಿದ ದಿನ ಅತ್ತೆ ಇದೇ ಮಾತನ್ನು ನಾಲ್ಕೇ ಪದಗಳಲ್ಲಿ ಹೇಳಿದ್ದರು. ಓದಿದವಳು ನಾನು, ಕೇಳಿಸಿಕೊಳ್ಳಲಿಲ್ಲ.

“ತಲೆಗೆ ಏನಾದ್ರೂ ಪೆಟ್ಟು ಬಿದ್ದಿತ್ತಾ ಅಮ್ಮಾ?” ಎಂದು ಡಾಕ್ಟರು ಅತ್ತೆಯನ್ನು ಕೇಳಿದರು.

ಅತ್ತೆ ನನ್ನ ಕಡೆ ಒಂದು ಸಲ ನೋಡಿ ಹೇಳಿದರು. “ಆಸಾಡದಲ್ಲಿ ಒಗಿಯೋ ಕಲ್ ತಾವ ಪಾಚಿ ಮ್ಯಾಲೆ ಜಾರ್ಬುಟ್ಟೆ ಸಾ. ಹಿಂದ್ಲೆಗೆ ಬಡೀತು. ಕಾಫಿಪುಡಿ ಒತ್ಕಂಡೆ, ರಕ್ತ ನಿಂತೋಯ್ತು.”

“ಮನೇಲಿ ಹೇಳಲಿಲ್ವಾ?”

“ಹೇಳ್ನಿಲ್ಲ. ಅದಾಗ್ಲೇ ಮೀಟ್ರು ತಂದಿದ್ರು. ಬಿದ್ದೆ ಅಂದ್ರೆ ಇನ್ನ ಬ್ಯಾರನ್ ಕಡೀಕೆ ಬುಡಾಕಿಲ್ಲ ಅಂತ.”

ಡಾಕ್ಟರು ಒಂದು ಚೀಟಿಯ ಹಿಂದೆ ಗೆರೆ ಎಳೆದು ತೋರಿಸಿದರು. ಮೂಗಿನ ಮೇಲ್ಭಾಗದಲ್ಲಿ ಜರಡಿಯ ಹಾಗೆ ತೂತುಗಳಿರುವ ತೆಳ್ಳನೆಯ ಮೂಳೆ. ಆ ತೂತುಗಳಲ್ಲಿ ಹಾದು ವಾಸನೆಯ ಎಳೆಗಳು ಮೆದುಳಿಗೆ ಹೋಗುತ್ತವೆ. ಮೆದುಳು ಬುರುಡೆಯೊಳಗೆ ನೀರಿನಲ್ಲಿ ತೇಲುವ ವಸ್ತು. ಹಿಂದಲೆಗೆ ಪೆಟ್ಟು ಬಿದ್ದಾಗ ಅದು ಮುಂದಕ್ಕೂ ಹಿಂದಕ್ಕೂ ಒಲೆದರೆ ಎಳೆಗಳು ಜರಡಿಯ ಹತ್ತಿರ ಹರಿದುಹೋಗುತ್ತವೆ. ಬೇರೆ ತೊಂದರೆ ಇಲ್ಲವೆಂದು ಖಚಿತವಾಗಲಿ ಎಂದು ಸ್ಕ್ಯಾನಿಗೆ ಬರೆದುಕೊಟ್ಟರು. ವಾಸನೆ ಮತ್ತೆ ಬರುತ್ತದಾ ಎಂದು ಕೇಳಿದೆ. ಕೆಲವರಿಗೆ ಸ್ವಲ್ಪ ಬರುತ್ತದೆ, ಬಹಳ ಜನಕ್ಕೆ ಬರುವುದಿಲ್ಲ ಎಂದರು.

ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತರು. ಊರು ಹತ್ತಿರವಾಯಿತು. ಕೊನೆಗೆ, “ತಪ್ಪಾಯ್ತು ಅತ್ತೆ,” ಎಂದೆ. ಅವರು ತಲೆಯಾಡಿಸಿದರೋ, ಬಸ್ಸು ಕುಲುಕಿತೋ ಗೊತ್ತಾಗಲಿಲ್ಲ. ಮನೆಗೆ ಬಂದು ಗಂಡನ ಮುಂದೆ, ಒಂದೂ ಬಿಡದೆ, ನಾನು ಮೆಣಸಿನಕಾಯಿ ಕಮರಿಸಿದ್ದರ ಸಮೇತ ಹೇಳಿದೆ. ಅವರು ಎದ್ದು ಹೋಗಿ ಕೀಲಿ ತಂದು ಅವ್ವನ ಕೈಯಲ್ಲಿಟ್ಟು, ಅಲ್ಲೇ ಕೂತು ಅತ್ತರು. ಅತ್ತೆ ಕೀಲಿಯನ್ನು ತಿರುಗಿ ಕೊಟ್ಟುಬಿಟ್ಟರು.

“ಮೂಗಿಲ್ದೋಳ್ಗೆ ಕೀಲಿ ಯಾಕ್ಲಾ. ನೀನೇ ಮಡಿಕ,” ಎಂದರು.

ಸಾಯಂಕಾಲ ಅವರು ಬ್ಯಾಗಿನಿಂದ ಬಟ್ಟೆ ತೆಗೆದು ಗೂಟಕ್ಕೆ ಹಾಕುತ್ತಿದ್ದಾಗ ನಾನು ಸಹಾಯಕ್ಕೆ ಹೋದೆ. ಬ್ಯಾಗಿನ ತಳದಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಅಂಗಿ ತೆಗೆದರು. ಮಾವನದು. ಸೊಪ್ಪು ಮುರಿಯುವಾಗ ಹಾಕಿಕೊಳ್ಳುತ್ತಿದ್ದದ್ದು, ಅಂಟು ಹತ್ತಿ ತೋಳೆಲ್ಲ ಕಪ್ಪಾಗಿತ್ತು.

“ಅವ್ರು ತೀರೋದ್ಮೇಲೆ ಇದ ಒಗೀದೆ ಮಡ್ಗಿದ್ದೆ,” ಎಂದರು. “ಒಂದೊಂದ್ ಕಿತ ತಗ್ದು ಮೂಸ್ತಿದ್ದೆ. ಆಸಾಡದಲ್ಲಿ ತಗ್ದು ನೋಡುದ್ರೆ ಏನೇನೂ ಇಲ್ಲ. ನಾನು ಬಿದ್ದುದ್ಕೆ ಮೂಗು ಕೆಟ್ಟಿರ್ಬೋದು ಅಂತ ನೆಪ್ಪೇ ಬರ್ನಿಲ್ಲ ಕಣವ್ವ. ನೀನೇ ಒಗ್ದು ಅಂಗೇ ಮಡಚಿಟ್ಟಿದ್ದೀಯ ಅಂದ್ಕಂಡೆ. ಅದುಕ್ಕೇ ನಿನ್ ತಾವ ಮಾತಾಡೋಕೆ ಮನ್ಸು ಬರ್ತಿರ್ನಿಲ್ಲ.”

ಒಗೆದಿದ್ದರೆ ಅಂಟು ಹಾಗೇ ಇರುತ್ತದಾ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕಣ್ಣೆದುರು ಇದ್ದದ್ದನ್ನು ನೋಡದೆ ಬೇಕಾದದ್ದನ್ನೇ ನೋಡುವುದು ನನ್ನೊಬ್ಬಳ ಕಾಯಿಲೆಯಲ್ಲವಲ್ಲ. ಅವರು ಅಂಗಿಯನ್ನು ನನ್ನ ಕೈಗೆ ಕೊಟ್ಟರು.

“ನೀನೇ ನೋಡಿ ಯೋಳು. ಐತಾ?”

ಮೂಗಿಗೆ ಹಿಡಿದೆ. ಬೆವರು, ಸೊಪ್ಪಿನ ಅಂಟು, ಸೌದೆಯ ಹೊಗೆ. ಮಾವ ಹೊಲದಿಂದ ಬಂದು ಜಗಲಿಯಲ್ಲಿ ಕೂತು ನೀರು ಕೇಳುತ್ತಿದ್ದದ್ದು ಅಷ್ಟೂ ನೆನಪಿಗೆ ಬಂತು.

“ಇದೆ ಅತ್ತೆ. ಹಂಗೇ ಇದೆ.”

ಅವರು ನನ್ನ ಕಣ್ಣು ನೋಡಿದರು, ತುಟಿ ನೋಡಿದರು, ನಾನು ಡಾಕ್ಟರ ಹತ್ತಿರ ಅವರ ರೆಪ್ಪೆ ನೋಡಿದ ಹಾಗೇ. ನಾನು ನಿಜ ಹೇಳಿದ್ದೆ, ಆದರೆ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಅವರು ಅಂಗಿ ಇಸಿದುಕೊಂಡು ತಮ್ಮ ಮೂಗಿಗೆ ಒತ್ತಿ ಒಂದು ಸಲ ಉಸಿರೆಳೆದರು.

“ನೀ ಯೋಳುದ್ಮೇಲೆ ಐತೆ ಬುಡು,” ಎಂದು ಮಡಚಿದರು.

ಅಂದಿನಿಂದ ತಿಂಗಳಿಗೊಂದು ಸಲ ಅಂಗಿ ತಂದು ನನ್ನ ಮುಂದೆ ಹಿಡಿಯುತ್ತಾರೆ. ನಾನು ಮೂಸಿ, ಇದೆ ಎನ್ನುತ್ತೇನೆ, ಅವರು ಮಡಚಿಡುತ್ತಾರೆ. ತೆಗೆದು ತೆಗೆದು ಗಾಳಿಯಾಡಿ ಪ್ರತಿ ಸಲ ವಾಸನೆ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿತ್ತು. ಹೋದ ಅಮಾವಾಸ್ಯೆಗೆ ಎಷ್ಟು ಉಸಿರೆಳೆದರೂ ನನಗೆ ಏನೂ ಬರಲಿಲ್ಲ, ಹಳೇ ಬಟ್ಟೆಯ ವಾಸನೆ ಬಿಟ್ಟು.

“ಇದೆ ಅತ್ತೆ,” ಎಂದೆ.

ಅವರು ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಕೈ ಚಾಚಿ, ಯಾವತ್ತೂ ಇಲ್ಲದ್ದು, ನನ್ನ ಕೆನ್ನೆ ಸವರಿ, ಅಂಗಿ ಇಸಿದುಕೊಂಡು ಹೋದರು. ಅವರಿಗೆ ಗೊತ್ತಾಗಿದೆ ಎಂದೇ ನನ್ನ ಅನುಮಾನ.